ತಳದ ಮೀನು ಮೇಲೆ ಬಂತಾ? ಮೇವು ಹಾಕಬೇಡಿ

ಎರಡು ವರ್ಷದ ಹಿಂದೆ ನಮ್ಮ ಕೃಷಿ ಹೊಂಡದ ಮೀನುಗಳ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ್ದೆ. ಮೂರು ದಿನದಿಂದ ಮೋಡ ಮುಸುಕಿತ್ತು. ತಳದಲ್ಲಿ ಕೆಸರು ಕೆದಕಬೇಕಾದ ಮೃಗಾಲ್, ಸಾಮಾನ್ಯ ಗೆಂಡೆ ಎಲ್ಲಾ ಬೆಳಗಿನ ಜಾವ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಹಸಿದಿವೆ ಅಂದ್ಕೊಂಡು ಶೇಂಗಾ ಹಿಂಡಿ, ತೌಡು ಎರಡು ಬೊಗಸೆ ಜಾಸ್ತಿನೇ ಎರಚಿದೆ. ಮಾರನೇ ದಿನ ಹೋದರೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಹೊಂಡಕ್ಕೆ ಏನು ಹಾಕಬೇಕು ಅಂತ ಎಲ್ಲರೂ ಹೇಳಿಕೊಡ್ತಾರೆ. ಯಾವಾಗ ಹಾಕಬಾರದು ಅನ್ನೋದನ್ನ ನಾವು ಮೊದಲು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ.

ಗೆಂಡೆ ಚೆನ್ನಾಗಿ ಬೆಳೆಯಲು ಒಂದು ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕ ಇರಬೇಕು. ಹಗಲು ಬಿಸಿಲಿಗೆ ಪಾಚಿ ಅದನ್ನು ತಯಾರಿಸುತ್ತದೆ. ರಾತ್ರಿ ಪಾಚಿಯೂ ಸೇರಿ ಎಲ್ಲವೂ ಅದನ್ನೇ ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟೋ ಮುಂಚೆ ಅದು ತೀರಾ ಕಡಿಮೆ. ತಳಕ್ಕೆ ಬೆಳಕು ಸಾಲದು. ಉಳಿದ ಮೇವು, ಸಗಣಿ ಕೊಳೆಯುವುದೂ ಅಲ್ಲೇ. ಅದಕ್ಕೇ ಕೊರತೆ ಮೊದಲು ಕಾಣೋದು ತಳದಲ್ಲಿ.

ಮೀನು ಸುಮ್ಮನೆ ಕೂರೋದಿಲ್ಲ. ಕಿವಿರನ್ನು ಜೋರಾಗಿ ಆಡಿಸುತ್ತದೆ, ಓಡಾಟ ಕಡಿಮೆ ಮಾಡುತ್ತದೆ, ತಿನ್ನೋದು ಬಿಡುತ್ತದೆ. ಅದೂ ಸಾಲದಾದಾಗ ಮೇಲೆ ಬಂದು, ಗಾಳಿಗೆ ತಾಗುವ ತೆಳು ಪದರದ ನೀರನ್ನು ಕಿವಿರಿಗೆ ಎಳೆದುಕೊಳ್ಳುತ್ತದೆ. ಅದು ಕೊನೆಯ ದಾರಿ, ಆಟ ಅಲ್ಲ.

ಕೊರವ, ಮುರುಗೋಡು ಬೇರೆ ಜಾತಿ. ಕಿವಿರಿನ ಮೇಲ್ಗಡೆ ಗಾಳಿಯನ್ನೇ ಉಸಿರಾಡುವ ಅಂಗ ಇರೋದರಿಂದ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ ವಾಪಸ್ ಹೋಗುತ್ತವೆ. ಹಾಗಾಗಿ "ಕೊರವ ಗಟ್ಟಿಮುಟ್ಟಾಗಿದೆ, ನೀರೂ ಸರಿ ಇದೆ" ಅನ್ನೋ ಲೆಕ್ಕ ತಪ್ಪು. ಹಾಗಂತ ಆಫ್ರಿಕನ್ ಕ್ಯಾಟ್‌ಫಿಶ್ ತಂದು ಬಿಡೋದೂ ಪರಿಹಾರ ಅಲ್ಲ. ಅದರ ಸಾಕಣೆಗೆ ನಮ್ಮ ದೇಶದಲ್ಲಿ ನಿಷೇಧ ಇದೆ.

ಏರೇಟರ್ ಇದ್ದರೆ ಒಳ್ಳೇದೇ. ಆದರೆ ಸಣ್ಣ ಹೊಂಡದವರಿಗೆ ಆ ಖರ್ಚು ಭಾರ, ಬೆಳಗಿನ ಜಾವ ಕರೆಂಟ್ ಇರುತ್ತೆ ಅನ್ನೋ ಖಾತ್ರಿಯೂ ಇಲ್ಲ. ಕಾಸಿಲ್ಲದ ಕೆಲಸ ಮೊದಲು ಮಾಡೋಣ.

ಮೋಡದ ದಿನಗಳಲ್ಲಿ ಐದು ಗಂಟೆಗೆ ಅಲಾರಂ ಇಟ್ಟು ಹೊಂಡದ ಹತ್ತಿರ ಹೋಗಿ, ಜೋರಾಗಿ ಚಪ್ಪಾಳೆ ತಟ್ಟಿ. ಮೀನು ಥಟ್ಟನೆ ಮುಳುಗಿದರೆ ಇನ್ನೂ ಶಕ್ತಿ ಇದೆ. ಅಲ್ಲೇ ಬಾಯಿ ಬಡೀತಾ ಇದ್ದರೆ ಉಸಿರು ಕಟ್ಟಿದೆ ಅಂತಲೇ ತಿಳೀರಿ. ಆವತ್ತು ಮೇವು, ಸಗಣಿ ಎರಡೂ ಬಂದ್. ತಳ ಕಲಕಬೇಡಿ. ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಮೇಲಿನಿಂದ ಚಿಮುಕಿಸಿ. ಬೋರ್‌ವೆಲ್ ನೀರಿನಲ್ಲೂ ಆಮ್ಲಜನಕ ಕಡಿಮೆ ಇರುತ್ತೆ. ಪೈಪನ್ನು ನೀರೊಳಗೆ ಮುಳುಗಿಸದೆ ಎತ್ತರದಿಂದ ಬೀಳಿಸಿ.

ಒಂದು ಹೊತ್ತು ಮೇವಿಲ್ಲದಿದ್ದರೆ ಮೀನು ಸಾಯಲ್ಲ. ಸ್ಟೇಟಸ್ ಆಮೇಲೆ ಹಾಕೋಣ, ಮೊದಲು ಮೋಟರ್ ಹಾಕೋಣ.