ಹಳೆಯ ಬಂಡಿಯ ಯೋಗಕ್ಷೇಮ

ವಾಚಕರಲ್ಲೊಬ್ಬರಾದ ಗೃಹಸ್ಥರು ಹೀಗೆ ಬರೆದು ಕೇಳಿದ್ದಾರೆ: “ಬಂಧುಗಳೊಬ್ಬರ ಮನೆಯಲ್ಲಿ ಅಂಬಾಸಿಡರ್ ಸ್ಟೇಷನ್ ವ್ಯಾಗನ್ ಒಂದು ಬಹುಕಾಲದಿಂದ ನಿಂತಿದೆ. ಅಲ್ಪ ಕ್ರಯಕ್ಕೆ ಕೊಡುವೆವೆನ್ನುತ್ತಾರೆ. ಮೊಮ್ಮಕ್ಕಳನ್ನು ಹಿಂದೆ ಕೂಡಿಸಿಕೊಂಡು ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದೆಂಬ ಆಸೆ. ಕೊಳ್ಳಬಹುದೇ?”

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಪೂರ್ವಿಕರು ಯೋಗಕ್ಷೇಮವೆಂಬ ಶಬ್ದಕ್ಕೆ ಅರ್ಥ ಹೇಳಿದ್ದಾರೆ. ಕಾಗದಗಳಲ್ಲಿ ನಾವು ಇವೆರಡನ್ನೂ ಒಂದೇ ಉಸಿರಿನಲ್ಲಿ ವಿಚಾರಿಸುವುದುಂಟು. ಹಳೆಯ ಬಂಡಿಯ ವಿಷಯದಲ್ಲಿ ಮಾತ್ರ ಇವುಗಳನ್ನು ಬಿಡಿಸಿ ನೋಡತಕ್ಕದ್ದು. ಯೋಗವು ಒಂದು ದಿವಸದ ಕೆಲಸ. ಕ್ಷೇಮವೋ, ಬಂಡಿ ಮನೆಯಲ್ಲಿರುವ ತನಕ ಮುಗಿಯುವುದಲ್ಲ.

ಮೊದಲು ಬಂಡಿಯ ಕುಲಗೋತ್ರಗಳನ್ನು ತಿಳಿಯೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಶ್ರೇಣಿಯೇ ಅಂಬಾಸಿಡರಿನ ಮೂಲ. 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅದು ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. ಅದಕ್ಕೆ ‘ಎಸ್ಟೇಟ್’ ಎಂಬ ಇನ್ನೊಂದು ರೂಪವೂ ಇದ್ದಿತು. ಚಾವಣಿಯು ಹಿಂಬದಿಯವರೆಗೆ ಚಾಚಿ, ಡಿಕ್ಕಿಯ ಬದಲು ಹಿಂಬಾಗಿಲನ್ನು ಪಡೆದಿರುವ ಈ ರೂಪವೇ ನಮ್ಮ ವಾಚಕರು ಕೇಳಿರುವ ಬಂಡಿ.

ಕೊಳ್ಳುವವರು ಸಾಮಾನ್ಯವಾಗಿ ಎಂಜಿನ್ನಿನ ಸದ್ದನ್ನು ಆಲಿಸಿ ತೃಪ್ತರಾಗುತ್ತಾರೆ. ಇದು ತಲೆಕೆಳಗಾದ ಪರೀಕ್ಷೆ. 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನು ಸರಳವಾದ ಯಂತ್ರ. ಅನುಭವಿಯಾದ ಮೆಕ್ಯಾನಿಕನು ಅದನ್ನು ಬಿಚ್ಚಿ, ಲೇತಿನಲ್ಲಿ ಬೋರು ಮಾಡಿಸಿ, ಮತ್ತೆ ಕಟ್ಟಬಲ್ಲನು. ಆದರೆ ಈ ಬಂಡಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಯಿಲ್ಲ. ತಗಡಿನ ಮೈಯೇ ಭಾರವನ್ನು ಹೊರತಕ್ಕದ್ದು. ಬಾಗಿಲುಗಳ ಕೆಳಗಿನ ಪೆಟ್ಟಿಗೆಯಂಥ ತೊಲೆ, ಕಾಲಿಡುವ ತಳ, ಹಿಂದಿನ ಸ್ಪ್ರಿಂಗುಗಳು ಕೂಡುವ ಸ್ಥಳ, ಇವು ತುಕ್ಕು ಹಿಡಿದರೆ ತೊಲೆ ಗೆದ್ದಲು ಹಿಡಿದ ಮನೆಯಂತೆಯೇ ಸರಿ. ಮೇಲೆ ಬಣ್ಣ ಬಳಿದು ಒಳಗಿನ ಕೊಳೆತವನ್ನು ಮರೆಸುವುದು ಸುಲಭ. ಟಿಂಕರಿಂಗಿನವನು ಹಳೆಯ ತಗಡನ್ನು ಕತ್ತರಿಸಿ, ಹೊಸದನ್ನು ಬೆಸೆದು, ಬಾಗಿಲುಗಳು ಸರಿಯಾಗಿ ಕೂಡುವಂತೆ ಮಾಡುವಷ್ಟರಲ್ಲಿ ಆಗುವ ವೆಚ್ಚವು ಬಂಡಿಯ ಕ್ರಯವನ್ನು ಮೀರಬಹುದು. ಆದುದರಿಂದ ಮೈ ಗಟ್ಟಿಯಾಗಿದ್ದು ಎಂಜಿನ್ನು ಕೆಟ್ಟಿರುವ ಬಂಡಿಯನ್ನು ಕೊಂಡರೂ ಕೊಳ್ಳಬಹುದು. ಎಂಜಿನ್ನು ಚೆನ್ನಾಗಿದ್ದು ಮೈ ಕೊಳೆತಿರುವ ಬಂಡಿ ಬೇಡ.

ಎರಡನೆಯದು, ಬಹುಕಾಲ ನಿಂತಿದ್ದರ ದೋಷ. ಓಡಿದ ಬಂಡಿಗಿಂತ ನಿಂತ ಬಂಡಿಯೇ ಬೇಗ ಕೆಡುವುದು. ಬ್ಯಾಟರಿ ಬರಿದಾಗುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ, ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳ ಒಳಗೆ ತುಕ್ಕು ಹಿಡಿಸುತ್ತದೆ. ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಎಣ್ಣೆಯ ಮಾರ್ಗ ಒಂದೇ. ಎಲ್ಲಿಯೋ ಒಂದೆಡೆ ಸೋರಿತೆಂದರೆ ಕಾಲಿನ ಬ್ರೇಕು ಪೂರ್ತಿಯಾಗಿ ಹೋದಂತೆ. ಬ್ರೇಕಿನ ರಬ್ಬರುಗಳನ್ನೂ ಕೊಳವೆಗಳನ್ನೂ ಹೊಸದಾಗಿ ಹಾಕಿಸದೆ ಇಂಥ ಬಂಡಿಯನ್ನು ರಸ್ತೆಗೆ ಇಳಿಸಲಾಗದು. ಬಳಿಕ ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಬದಲಿಸಬೇಕು. ಟೈರುಗಳ ಗೆರೆಗಳು ಸವೆದಿಲ್ಲವೆಂಬುದನ್ನು ನಂಬಬಾರದು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ತಯಾರಾದ ವರ್ಷವನ್ನೂ ಹೇಳುತ್ತವೆ. ಹತ್ತು ವರ್ಷ ದಾಟಿದ ಟೈರು ನೋಟಕ್ಕೆ ಹೊಸದಾಗಿದ್ದರೂ ತ್ಯಾಜ್ಯವೇ.

ಮೂರನೆಯದು, ಇಂದಿನ ಪೆಟ್ರೋಲಿಗೂ ಅಂದಿನ ಎಂಜಿನ್ನಿಗೂ ಇರುವ ಅಸಾಂಗತ್ಯ. ಹಿಂದೆ ಪೆಟ್ರೋಲಿನಲ್ಲಿ ಸೀಸವನ್ನು ಬೆರೆಸುತ್ತಿದ್ದರು. ಅದು ವಾಲ್ವುಗಳು ಕೂಡುವ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. ಆರೋಗ್ಯಕ್ಕೆ ಹಾನಿಕರವೆಂದು 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವನ್ನು ಬಿಟ್ಟರು. ಅದು ನ್ಯಾಯವೇ ಆಯಿತು. ಆದರೆ ಹಳೆಯ ಎಂಜಿನ್ನಿನ ಹೆಡ್ಡನ್ನು ಬಿಚ್ಚಿದಾಗ ಗಟ್ಟಿಯಾದ ಪೀಠಗಳನ್ನು ಕೂಡಿಸುವುದು ಲೇಸು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರನ್ನು ಸೆಳೆದು ಟ್ಯಾಂಕಿಗೆ ತುಕ್ಕು ತರುತ್ತದೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿಗೆ ಆಹ್ವಾನವಿತ್ತಂತೆ. ಎಥನಾಲನ್ನು ತಾಳುವ ಕೊಳವೆಗಳಿಗೆ ತಗಲುವ ಖರ್ಚು ಸ್ವಲ್ಪ; ಅದನ್ನು ಉಳಿಸಹೋಗಬೇಡಿ.

ನೀರಿನ ವಿಷಯವನ್ನೂ ಹೇಳಬೇಕು. ನಮ್ಮ ಸೀಮೆಯ ಕೊಳವೆಬಾವಿಗಳ ಗಡಸು ನೀರನ್ನು ರೇಡಿಯೇಟರಿಗೆ ಹೊಯ್ದರೆ, ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿಯ ಹೆಕ್ಕಳೆಯೇ ಅಲ್ಲಿಯೂ ಕಟ್ಟಿ, ಘಟ್ಟವನ್ನು ಹತ್ತುವಾಗ ಎಂಜಿನ್ನು ಕುದಿಯತೊಡಗುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಕೂಲಂಟನ್ನು ಬೆರೆಸಿ ಹಾಕಿದರೆ ಈ ಕಷ್ಟವಿಲ್ಲ. ಮುಂಚಕ್ರಗಳು ತಿರುಗುವ ಕೀಲುಗಳಿಗೆ ಕಾಲಕಾಲಕ್ಕೆ ಗ್ರೀಸು ತುಂಬುವುದೂ ಹೀಗೆಯೇ ಅಲ್ಪವ್ಯಯದ, ಆದರೆ ತಪ್ಪಿಸಬಾರದ ಕೆಲಸ.

ಇನ್ನು, ಸ್ಟೇಷನ್ ವ್ಯಾಗನ್ನಿಗೇ ವಿಶಿಷ್ಟವಾದ ಅಪಾಯವೊಂದುಂಟು. ಪೆಟ್ಟಿಗೆಯಂಥ ಆಕಾರದಿಂದಾಗಿ ಬಂಡಿ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡವು ಕಡಮೆಯಾಗಿ ಸುಳಿಯೇಳುತ್ತದೆ. ಸೈಲೆನ್ಸರಿನ ಹೊಗೆ ಆ ಸುಳಿಗೆ ಸಿಕ್ಕಿ, ಹಿಂಬಾಗಿಲಿನ ರಬ್ಬರು ಹಳತಾಗಿದ್ದರೆ ಆ ಸಂದಿಯಿಂದ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ, ಕೊನೆಗೆ ಪ್ರಾಣಾಪಾಯ. ಮೊದಲು ಅದಕ್ಕೆ ಗುರಿಯಾಗುವವರು ಹಿಂದೆ ಕುಳಿತ ಮಕ್ಕಳು. ಹುಡುಗರು ನಿದ್ದೆ ಹೋದರೆಂದು ಹಿರಿಯರು ಭಾವಿಸುವ ಸಂಭವವುಂಟು! ಹಿಂಬಾಗಿಲಿನ ರಬ್ಬರನ್ನು ಹೊಸದಾಗಿ ಹಾಕಿಸಿರಿ. ಹೊಗೆಕೊಳವೆಯ ತುದಿ ಮೈಯಿಂದ ಹೊರಕ್ಕೆ ಚಾಚಿರಲಿ. ಹಿಂಬಾಗಿಲು ತೆರೆದಿಟ್ಟು ಎಂದಿಗೂ ಓಡಿಸದಿರಿ. ಸಾಮಾನಿನ ಜಾಗದಲ್ಲಿ ಸೀಟೂ ಇಲ್ಲ, ಸೀಟ್ ಬೆಲ್ಟೂ ಇಲ್ಲ. ಅಲ್ಲಿ ಮೊಮ್ಮಕ್ಕಳನ್ನು ಕೂಡಿಸುವ ಆಸೆಯನ್ನು ನಮ್ಮ ವಾಚಕರು ಬಿಡುವುದೇ ಶ್ರೇಯಸ್ಕರ.

ಸರಕಾರದ ಲೆಕ್ಕವೂ ಇದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿಯಿದ್ದ ಇದರ ಶುಲ್ಕವು 2022ರ ಏಪ್ರಿಲಿನಿಂದ 5,000 ರೂಪಾಯಿಯಾಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಅದು 10,000ಕ್ಕೆ ಏರಿತು. ಐವತ್ತು ವರ್ಷ ದಾಟಿ ಮೂಲರೂಪದಲ್ಲಿಯೇ ಉಳಿದಿರುವ ಬಂಡಿಗೆ 2021ರ ಜುಲೈನಲ್ಲಿ ಬಂದ ನಿಯಮದಂತೆ ‘ವಿಂಟೇಜ್’ ನೋಂದಣಿಯುಂಟು. ಅದಕ್ಕೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದುವಕ್ಕೆ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮನೆಮಂದಿಯ ವಾಹನವೋ, ಕಾಪಾಡುವ ಪುರಾತನ ವಸ್ತುವೋ ಎಂಬುದನ್ನು ಮೊದಲೇ ನಿಶ್ಚಯಿಸಬೇಕು.

ಹಾಗಾದರೆ ಕೊಳ್ಳಬಹುದೇ? ಮೂರು ಸಂಗತಿಗಳನ್ನು ವಿಚಾರಿಸಿರಿ. ಮಳೆ ಬಿಸಿಲು ತಾಗದ ಸೂರು ಇದೆಯೇ? ಹಳೆಯ ಯಂತ್ರವನ್ನು ಬಲ್ಲ ಮೆಕ್ಯಾನಿಕನು ಸಮೀಪದಲ್ಲಿದ್ದಾನೆಯೇ? ವಾರಕ್ಕೊಮ್ಮೆ ಎಣ್ಣೆ, ನೀರು, ಗಾಳಿಗಳನ್ನು ನೋಡಿ ಅರ್ಧ ಗಂಟೆ ಓಡಿಸುವ ವ್ಯವಧಾನ ಮನೆಯಲ್ಲಿ ಯಾರಿಗಾದರೂ ಉಂಟೇ? ಇವು ಮೂರೂ ಇದ್ದು, ಕ್ರಯದಷ್ಟೇ ಹಣವನ್ನು ಮೊದಲ ವರ್ಷದ ದುರಸ್ತಿಗೆ ಬೇರೆ ತೆಗೆದಿಡಲು ಶಕ್ತಿಯಿದ್ದರೆ ಸಂತೋಷದಿಂದ ಕೊಳ್ಳಿರಿ. ಒಂದು ಕಡಮೆಯಾದರೂ ಬಂಧುಗಳಿಗೆ ವಿನಯದಿಂದ ಬೇಡವೆನ್ನಿರಿ. ಅಲ್ಪ ಕ್ರಯಕ್ಕೆ ಬಂದ ವಸ್ತುವಿಗೆ ಅಲ್ಪ ಆರೈಕೆ ಸಾಕೆಂಬ ನಿಯಮ ಲೋಕದಲ್ಲಿ ಎಲ್ಲಿಯೂ ಇಲ್ಲ.