ನಮ್ಮ ಸಣ್ಣ ವೆಬ್‌ಸೈಟ್‌ಗೆ ಯಾರು ಕನ್ನ ಹಾಕ್ತಾರೆ?

ಜಾತ್ರಾ ಸಮಿತಿಗೋ, ಶಾಲೆಯ ಹಳೆ ವಿದ್ಯಾರ್ಥಿ ಸಂಘಕ್ಕೋ ವೆಬ್‌ಸೈಟ್ ಮಾಡಲು ಈಗ ತಿಂಗಳಿಗೆ ಕೆಲವು ನೂರು ರೂಪಾಯಿಗೆ ಬಾಡಿಗೆ ಸರ್ವರ್ ಸಿಗುತ್ತದೆ. ಅದರ ಸುರಕ್ಷತೆಯ ಬಗ್ಗೆ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ನಮ್ಮಲ್ಲಿ ಕದಿಯೋಕೆ ಏನಿದೆ? ಹ್ಯಾಕರ್‌ಗಳಿಗೆ ಬೇಕಾಗಿರೋದು ಬ್ಯಾಂಕು."

ಇದು ನಿಜವಲ್ಲ. ಹೆಚ್ಚಿನ ದಾಳಿಗಳಲ್ಲಿ ನಿಮ್ಮನ್ನು ಯಾರೂ ಆರಿಸಿಕೊಂಡು ಬರುವುದಿಲ್ಲ; ಯಂತ್ರಗಳು ಎಲ್ಲರ ಬಾಗಿಲನ್ನೂ ತಟ್ಟುತ್ತಾ ಹೋಗುತ್ತವೆ. ಐಪಿವಿ4 ಪದ್ಧತಿಯಲ್ಲಿರುವ ವಿಳಾಸಗಳು ಸುಮಾರು 430 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ರೂಪಿಸಿದ ಝಡ್‌ಮ್ಯಾಪ್ ತಂತ್ರಾಂಶ, ವೇಗದ ಸಂಪರ್ಕವಿದ್ದ ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ಅಷ್ಟನ್ನೂ ಸುತ್ತಿ ಬಂತು. ಸಂಶೋಧಕರ ಕೈಲಿರುವ ಸಾಧನ ಕಳ್ಳರ ಕೈಗೂ ಸಿಗುತ್ತದೆ. ಹೊಸ ಸರ್ವರ್ ಚಾಲೂ ಮಾಡಿ ಮರುದಿನ ಅದರ ಲಾಗ್ ತೆರೆದು ನೋಡಿ: 'ರೂಟ್', 'ಅಡ್ಮಿನ್', 'ಟೆಸ್ಟ್' ಎಂಬ ಹೆಸರುಗಳಲ್ಲಿ ಒಳನುಗ್ಗಲು ಯತ್ನಿಸಿ ಸೋತವರ ಸಾಲು ಸಾಲು ಕಾಣುತ್ತದೆ.

ಅವರಿಗೆ ಬೇಕಿರುವುದು ನಿಮ್ಮ ಜಾತ್ರೆಯ ಫೋಟೋಗಳಲ್ಲ, ಸರ್ವರ್. ಅದರಿಂದ ಸ್ಪ್ಯಾಮ್ ಕಳಿಸಬಹುದು, ಮೂಲೆಯಲ್ಲೊಂದು ನಕಲಿ ಬ್ಯಾಂಕ್ ಪುಟ ಕೂರಿಸಬಹುದು. 'ಕೆವೈಸಿ ಇಂದೇ ಮುಗಿಸಿ' ಎಂದು ನಿಮಗೆ ಬಂದ ಫಾರ್ವರ್ಡ್‌ನ ಲಿಂಕ್ ಹೀಗೆ ಕೈತಪ್ಪಿದ, ಯಾರದೋ ಪ್ರಾಮಾಣಿಕ ಸೈಟಿನದೇ ಇರಬಹುದು. ಬೀಗದ ಚಿಹ್ನೆ ಇದೆಯಲ್ಲ ಎನ್ನುತ್ತೀರಾ? ನಿಮ್ಮ ಫೋನಿಗೂ ಆ ಸೈಟಿಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದಲಾರರು ಎಂದಷ್ಟೇ ಅದರರ್ಥ. ಆ ಕಡೆ ಕೂತವರು ಒಳ್ಳೆಯವರೆಂದಲ್ಲ. ಲೆಟ್ಸ್ ಎನ್‌ಕ್ರಿಪ್ಟ್ 2015ರಿಂದ ಆ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತಿದೆ. ನೀವೂ ಹಾಕಿಸಿಕೊಳ್ಳಿ, ಆದರೆ ಅದೊಂದೇ ಕಾವಲೆಂದು ಕೂರಬೇಡಿ.

ಹಾಗಾದರೆ ಮೊದಲ ದಿನ ಮಾಡಬೇಕಾದ್ದೇನು? ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಬಿಟ್ಟು ಕೀ ಬಳಸಿ. ಕೀ ಎಂದರೆ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುವ ಒಂದು ಗುಟ್ಟಿನ ಕಡತ. ಪಾಸ್‌ವರ್ಡಿನಂತೆ ಅದನ್ನು ಊಹಿಸಲಾಗದು. ಕೀ ಕೆಲಸ ಮಾಡುತ್ತಿದೆಯೆಂದು ಖಾತ್ರಿಯಾದ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಇಲ್ಲದಿದ್ದರೆ ನೀವೇ ಹೊರಗುಳಿಯುತ್ತೀರಿ! ರೂಟ್ ಹೆಸರಿನ ನೇರ ಪ್ರವೇಶವನ್ನೂ ನಿಲ್ಲಿಸಿ. ಫೈರ್‌ವಾಲ್‌ನಲ್ಲಿ 22, 80, 443ನೇ ಪೋರ್ಟ್‌ಗಳು ತೆರೆದಿದ್ದರೆ ಸಾಮಾನ್ಯ ಸೈಟಿಗೆ ಸಾಕು. ಡೇಟಾಬೇಸ್ ಅಂತೂ ಹೊರಗೆ ಕಾಣಲೇಬಾರದು. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಬಿಟ್ಟು ಹೋಗಿದ್ದರು. ಹಣ ತೆತ್ತವರಿಗೂ ದತ್ತಾಂಶ ಮರಳುವ ಖಾತ್ರಿ ಇರಲಿಲ್ಲ.

ಇನ್ನು ಅಪ್‌ಡೇಟ್. "ಆಮೇಲೆ ಮಾಡೋಣ" ಎಂಬುದು ಇಲ್ಲಿ ದುಬಾರಿ. ಅಮೆರಿಕದ ಈಕ್ವಿಫ್ಯಾಕ್ಸ್ ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ತಂತ್ರಾಂಶದ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು. ಅಳವಡಿಸದೇ ಉಳಿದ ಒಂದು ಜಾಗದಿಂದ ಮೇ ತಿಂಗಳಲ್ಲಿ ಕಳ್ಳರು ಒಳಹೊಕ್ಕರು, ಸುಮಾರು 14.7 ಕೋಟಿ ಜನರ ವಿವರ ಸೋರಿತು. ನಿಮ್ಮ ಸರ್ವರ್‌ನಲ್ಲಿ ಸುರಕ್ಷತಾ ಅಪ್‌ಡೇಟ್ ತಾನಾಗಿಯೇ ಆಗುವಂತೆ ಹೊಂದಿಸಿಡಿ.

ಬ್ಯಾಕಪ್ ಬೇರೆ ಕಡೆ ಇರಲಿ. ಅದೇ ಸರ್ವರ್‌ನಲ್ಲಿಟ್ಟರೆ ಒಳಬಂದವರು ಅದನ್ನೂ ಅಳಿಸುತ್ತಾರೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಸೈಟನ್ನು ಮತ್ತೆ ಎಬ್ಬಿಸಿ ನೋಡಿ. ಎಷ್ಟೋ ಬ್ಯಾಕಪ್‌ಗಳು ಖಾಲಿ ಎಂದು ಗೊತ್ತಾಗುವುದು ಬೇಕಾದ ದಿನವೇ.