ಏಳು ವರ್ಷದ ಶಿಕ್ಷೆ, ಐದು ವಾರದ ಜೈಲು

ಗಂಗಾವತಿಯ ಶಾಸಕ ಗಾಲಿ ಜನಾರ್ದನ ರೆಡ್ಡಿ ಅವರಿಗೆ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಏಳು ವರ್ಷ ಜೈಲು ವಿಧಿಸಿದ್ದು 2025ರ ಮೇ 6ರಂದು. ಇಂಥ ತೀರ್ಪು ಬಂದಾಗಲೆಲ್ಲ ಏಳುವ ವಾದ ನಮಗೆ ಬಾಯಿಪಾಠವಾಗಿದೆ: ಏಳು ವರ್ಷ ಯಾತಕ್ಕೂ ಸಾಲದು, ಗುಡ್ಡಗಳನ್ನೇ ಅಗೆದು ಮಾರಿದವರಿಗೆ ಜೀವಾವಧಿಯಾದರೂ ಆಗಬೇಕು, ಚೀನಾದಲ್ಲಾಗಿದ್ದರೆ ಗಲ್ಲಿಗೇರಿಸುತ್ತಿದ್ದರು. ಈ ವಾದ ಕಾವೇರಿರುವಾಗಲೇ ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಅನರ್ಹಗೊಂಡಿದ್ದ ಶಾಸಕ ಸ್ಥಾನವೂ ಮರಳಿ ಬಂತು. ಅದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ಬೇಲೆಕೇರಿ ಬಂದರಿನಿಂದ ಅದಿರು ಕಾಣೆಯಾದ ಪ್ರಕರಣಗಳಲ್ಲಿ ಕಾರವಾರದ ಶಾಸಕ ಸತೀಶ್ ಸೈಲ್ ಅವರಿಗೂ ಏಳು ವರ್ಷ ಶಿಕ್ಷೆಯಾಗಿತ್ತು, ಜೊತೆಗೆ ಕೋಟಿಗಟ್ಟಲೆ ದಂಡ. ತಿಂಗಳು ತುಂಬುವ ಮೊದಲೇ ಕರ್ನಾಟಕ ಹೈಕೋರ್ಟ್ ಅದನ್ನೂ ಅಮಾನತಿನಲ್ಲಿಟ್ಟಿತು. ಒಬ್ಬರು ಬಿಜೆಪಿ, ಇನ್ನೊಬ್ಬರು ಕಾಂಗ್ರೆಸ್. ಇಬ್ಬರೂ ಏಳು ವರ್ಷದವರು, ಇಬ್ಬರೂ ವಾರಗಳಲ್ಲಿ ಹೊರಬಂದವರು. ಹೀಗಿರುವಾಗ ಆ ಏಳನ್ನು ಹದಿನಾಲ್ಕು ಮಾಡಿ ಎಂದು ಕೇಳುವುದರಿಂದ ಏನು ಬದಲಾದೀತು?

ಸಿಟ್ಟು ಸುಳ್ಳಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯ ಆಸುಪಾಸಿನಲ್ಲಿ, ತಿಕೋಟಾ, ಬಬಲೇಶ್ವರಗಳಲ್ಲಿ ಭ್ರಷ್ಟಾಚಾರದ ವಿಷಯ ಬಂದರೆ 'ಒದ್ದು ಒಳಗ ಹಾಕ್ರಿ, ಹೊರಗ ಬಿಡಬ್ಯಾಡ್ರಿ' ಎನ್ನುವವರೇ ಹೆಚ್ಚು. ಹಾಗೆನ್ನಲು ಅವರಿಗೆ ಕಾರಣಗಳಿವೆ. ವಿಜಯಪುರ ತರಬೇತಿ ಕೇಂದ್ರಗಳ ಊರು. ಹೊಲ ಅಡವಿಟ್ಟು ಮಗನನ್ನು ಪಿಎಸ್‌ಐ ಪರೀಕ್ಷೆಗೆ ಓದಿಸುವ ಮನೆಗಳು ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಇವೆ. 2021ರಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯ ಅಕ್ರಮ ಬಯಲಾಗಿ, ನೇಮಕಾತಿ ವಿಭಾಗದ ಎಡಿಜಿಪಿಯೇ ಬಂಧನಕ್ಕೊಳಗಾದಾಗ, ಪ್ರಾಮಾಣಿಕವಾಗಿ ಬರೆದವರಿಗೂ ಮರುಪರೀಕ್ಷೆ 2024ರವರೆಗೆ ಕಾಯುವ ಶಿಕ್ಷೆಯಾಯಿತು. ನೀರಿನ ಬೆಲೆಯನ್ನೂ ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬರುವ ಮುನ್ನ ತಿಕೋಟಾದ ದ್ರಾಕ್ಷಿ ತೋಟಗಳು ಟ್ಯಾಂಕರ್ ನೀರಿನಲ್ಲಿ ಉಸಿರು ಹಿಡಿದವು. ಸರ್ಕಾರದ ಒಂದು ರೂಪಾಯಿ ಹೊಲಕ್ಕೆ ತಲುಪಿದರೆ ಏನಾಗುತ್ತದೆ, ದಾರಿಯಲ್ಲೇ ಸೋರಿದರೆ ಏನಾಗುತ್ತದೆ ಎಂಬುದು ಇಲ್ಲಿ ಭಾಷಣದ ಮಾತಲ್ಲ. ಮುಖ್ಯಮಂತ್ರಿ ಮಾಡುತ್ತೇವೆಂದು ದಿಲ್ಲಿಯಿಂದ ಬಂದ ಕೆಲವರು 2,500 ಕೋಟಿ ರೂಪಾಯಿ ಕೇಳಿದ್ದರು ಎಂದು 2022ರ ಮೇ ತಿಂಗಳಲ್ಲಿ ಬಹಿರಂಗ ಸಭೆಯಲ್ಲಿ ಹೇಳಿದ್ದು ಇದೇ ವಿಜಯಪುರ ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳ. ಕೆಲವು ದಿನ ಪತ್ರಿಕೆಗಳ ಮುಖಪುಟ ತುಂಬಿತು, ತನಿಖೆಯಾಗಲಿ ಎಂದು ವಿರೋಧ ಪಕ್ಷ ಕೂಗಿತು, ಮಾತು ಅಲ್ಲಿಗೇ ನಿಂತಿತು. ಕೇಳಿ ಕೇಳಿ ಸಾಕಾದ ಜನಕ್ಕೆ ಗಲ್ಲೇ ಪರಿಹಾರವೆನಿಸಿದರೆ ಅಚ್ಚರಿಯಿಲ್ಲ.

ಆದರೆ ಸಿಟ್ಟು ಆರಿಸಿಕೊಂಡಿರುವ ಗುರಿ ತಪ್ಪು. ಉದ್ದದ ಶಿಕ್ಷೆ ರಾಜಕಾರಣಿಗೆ ಅತಿ ಕಡಿಮೆ ಖರ್ಚಿನ ಭರವಸೆ. ಮಸೂದೆಯಲ್ಲಿ ಒಂದು ಅಂಕಿ ತಿದ್ದಿದರೆ ಸಾಕು, ಒಬ್ಬ ನ್ಯಾಯಾಧೀಶರನ್ನೂ ಹೆಚ್ಚುವರಿಯಾಗಿ ನೇಮಿಸಬೇಕಿಲ್ಲ, ತನಿಖಾಧಿಕಾರಿಗೆ ಒಂದು ಕುರ್ಚಿಯನ್ನೂ ಕೊಡಬೇಕಿಲ್ಲ. ಹಾಗೆ ತಿದ್ದಿಯೂ ಆಗಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚಕ್ಕೆ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಶಿಕ್ಷೆಯಿತ್ತು. ಅಣ್ಣಾ ಹಜಾರೆ ಚಳವಳಿಯ ಬಿಸಿಯಲ್ಲಿ ಬಂದ ಲೋಕಪಾಲ ಮತ್ತು ಲೋಕಾಯುಕ್ತ ಕಾಯ್ದೆ 2014ರಲ್ಲಿ ಜಾರಿಯಾದಾಗ ಅದು ಕನಿಷ್ಠ ಮೂರು, ಗರಿಷ್ಠ ಏಳು ವರ್ಷಕ್ಕೇರಿತು. ಅಧಿಕಾರದ ದುರ್ಬಳಕೆಗೆ ಒಂದರಿಂದ ಏಳು ವರ್ಷವಿದ್ದದ್ದು ನಾಲ್ಕರಿಂದ ಹತ್ತಾಯಿತು.

ಈಗ ಕರ್ನಾಟಕದ ನೆನಪನ್ನು ಕೆದಕಿ ನೋಡೋಣ. ಲೋಕಾಯುಕ್ತ ಎಂಬ ಹೆಸರು ಕೇಳಿದರೆ ತಲಾಠಿಯಿಂದ ಕಾರ್ಯದರ್ಶಿಯವರೆಗೆ ಮೈ ಬೆವರುತ್ತಿದ್ದ ಕಾಲ ಯಾವುದು? 2001ರಿಂದ 2006ರವರೆಗೆ ಎನ್. ವೆಂಕಟಾಚಲ ಅವರು ಲೋಕಾಯುಕ್ತರಾಗಿದ್ದಾಗ, ಮತ್ತು 2011ರವರೆಗೆ ಸಂತೋಷ್ ಹೆಗ್ಡೆ ಅವರು ಆ ಸ್ಥಾನದಲ್ಲಿದ್ದಾಗ. ಆಗ ಪುಸ್ತಕದಲ್ಲಿದ್ದದ್ದು ಆರು ತಿಂಗಳ ಕನಿಷ್ಠ ಶಿಕ್ಷೆಯ ಮೆದು ಕಾನೂನು. ಕೋಲಾರ ಚಿನ್ನದ ಗಣಿಯ ಶಾಸಕ ವೈ. ಸಂಪಂಗಿ ಶಾಸಕರ ಭವನದಲ್ಲೇ ಲೋಕಾಯುಕ್ತ ಪೊಲೀಸರ ಬಲೆಗೆ ಬಿದ್ದದ್ದು 2009ರಲ್ಲಿ, ವಿಶೇಷ ನ್ಯಾಯಾಲಯ ಮೂರೂವರೆ ವರ್ಷ ಶಿಕ್ಷೆ ವಿಧಿಸಿದ್ದು 2012ರಲ್ಲಿ. ಹಾಲಿ ಶಾಸಕರೊಬ್ಬರ ವಿಷಯದಲ್ಲಿ ಮೂರೇ ವರ್ಷಕ್ಕೆ ತೀರ್ಪು! 2011ರ ಜುಲೈನಲ್ಲಿ ಹೆಗ್ಡೆ ಅವರ ಗಣಿ ವರದಿ ಹೊರಬಿದ್ದು ವಾರ ತುಂಬುವ ಮೊದಲೇ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಶಿಕ್ಷೆ ಕಠಿಣವಾದದ್ದು ಇದೆಲ್ಲ ಮುಗಿದ ಮೇಲೆ. ಕಠಿಣವಾದ ಎರಡೇ ವರ್ಷಕ್ಕೆ, 2016ರ ಮಾರ್ಚ್‌ನಲ್ಲಿ, ಸಿದ್ದರಾಮಯ್ಯ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ ಲೋಕಾಯುಕ್ತದ ಪೊಲೀಸ್ ಬಲವನ್ನೇ ಕಿತ್ತುಕೊಂಡಿತು. ಅದನ್ನು ವಿರೋಧಿಸಿ ಗುಡುಗಿದ ಬಿಜೆಪಿ ಅಧಿಕಾರಕ್ಕೆ ಬಂದ ಮೇಲೂ ದಳವನ್ನು ಮುಟ್ಟಲಿಲ್ಲ. 2022ರ ಆಗಸ್ಟ್‌ನಲ್ಲಿ ಹೈಕೋರ್ಟೇ ಅದನ್ನು ರದ್ದುಮಾಡಬೇಕಾಯಿತು. ಕಾಯ್ದೆಯಲ್ಲಿ ವರ್ಷಗಳು ಏರಿದ್ದು, ಹಿಡಿಯುವ ಕೈ ಸೊರಗಿದ್ದು ಎರಡೂ ಒಂದೇ ಅವಧಿಯಲ್ಲಿ. ಆ ವರ್ಷಗಳ ಅಂತ್ಯಕ್ಕೆ ನಮಗೆ ಕೇಳಿಸಿದ್ದು ಗುತ್ತಿಗೆದಾರರ ಸಂಘದ ಶೇ 40 ಕಮಿಷನ್ ಆರೋಪ. ಭಯ ಹುಟ್ಟುವುದು ಕಾಯ್ದೆಯ ಅಂಕಿಯಿಂದ ಎನ್ನುವವರು ಈ ಕಾಲಾನುಕ್ರಮಕ್ಕೆ ಉತ್ತರ ಕೊಡಬೇಕು.

ಕಠಿಣ ಶಿಕ್ಷೆಯ ದೇಶ ಹೇಗಿರುತ್ತದೆ ಎಂದು ನೋಡಬಯಸುವವರಿಗೆ ಚೀನಾಕ್ಕಿಂತ ಥಾಯ್ಲೆಂಡ್ ಒಳ್ಳೆಯ ಪಾಠ, ಏಕೆಂದರೆ ಅಲ್ಲಿ ಚುನಾವಣೆಯೂ ಇದೆ, ಪಕ್ಷಗಳೂ ಇವೆ, ಅಕ್ಕಿ ಖರೀದಿಯ ರಾಜಕೀಯವೂ ಇದೆ. ಸರ್ಕಾರದಿಂದ ಸರ್ಕಾರಕ್ಕೆ ಅಕ್ಕಿ ಮಾರಿದಂತೆ ಸುಳ್ಳು ವ್ಯವಹಾರ ತೋರಿಸಿದ ಪ್ರಕರಣದಲ್ಲಿ ಅಲ್ಲಿನ ಮಾಜಿ ವಾಣಿಜ್ಯ ಸಚಿವ ಬೂನ್‌ಸಾಂಗ್ ಅವರಿಗೆ 2017ರಲ್ಲಿ 42 ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು 48ಕ್ಕೇರಿತು. ಚಿತ್ರೋತ್ಸವದ ಗುತ್ತಿಗೆಗೆ ಲಂಚ ಪಡೆದ ಪ್ರವಾಸೋದ್ಯಮ ಪ್ರಾಧಿಕಾರದ ಮಾಜಿ ಮುಖ್ಯಸ್ಥೆಗೆ 50 ವರ್ಷ. ಅಂಕಿ ನೋಡಿದರೆ ಮೈ ನಡುಗಬೇಕು. ಆದರೆ ಬೂನ್‌ಸಾಂಗ್ 2024ರ ಡಿಸೆಂಬರ್‌ನಲ್ಲಿ ಪೆರೋಲ್ ಮೇಲೆ ಹೊರಬಂದರು. ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ಹದಿನೈದು ವರ್ಷ ಹೊರದೇಶದಲ್ಲಿದ್ದು 2023ರ ಆಗಸ್ಟ್‌ನಲ್ಲಿ ಮರಳಿದಾಗ ಕಾದಿದ್ದ ಶಿಕ್ಷೆ ಎಂಟು ವರ್ಷ. ಅರಸನ ಕ್ಷಮೆಯಿಂದ ಕೆಲವೇ ದಿನಗಳಲ್ಲಿ ಅದು ಒಂದು ವರ್ಷವಾಯಿತು. ಮೊದಲ ರಾತ್ರಿಯೇ ಅನಾರೋಗ್ಯದ ಹೆಸರಿನಲ್ಲಿ ಪೊಲೀಸ್ ಆಸ್ಪತ್ರೆಗೆ ಹೋದವರು ಆರು ತಿಂಗಳ ನಂತರ ಪೆರೋಲ್ ಪಡೆದು ನೇರ ಮನೆಗೆ ಹೋದರು. ಅದು ಜೈಲುವಾಸವೇ ಅಲ್ಲ, ಆ ಒಂದು ವರ್ಷವನ್ನು ಸೆರೆಮನೆಯಲ್ಲೇ ಕಳೆಯಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಇಷ್ಟೆಲ್ಲ ಶಿಕ್ಷೆ ಬಿದ್ದದ್ದು ಯಾರಿಗೆ ಎಂಬುದನ್ನೂ ಗಮನಿಸಬೇಕು. 2014ರಲ್ಲಿ ಚುನಾಯಿತ ಸರ್ಕಾರವನ್ನೇ ಕಿತ್ತೊಗೆದ ಸೇನಾಧಿಕಾರಿಗಳು ತಾವೇ ಬರೆದುಕೊಂಡ ಮಧ್ಯಂತರ ಸಂವಿಧಾನದಲ್ಲಿ ತಮ್ಮ ಕೃತ್ಯಕ್ಕೆಲ್ಲ ಮಾಫಿ ಬರೆದುಕೊಂಡರು. ಅಕ್ಕಿ ಕದ್ದವನಿಗೆ 48 ವರ್ಷ, ದೇಶವನ್ನೇ ವಶಪಡಿಸಿಕೊಂಡವರಿಗೆ ಕ್ಷಮೆ! ಭಾರೀ ಶಿಕ್ಷೆಯ ಕಾಯ್ದೆ ಯಾರ ಕೈಗೆ ಸಿಕ್ಕರೆ ಅವರ ಆಯುಧವಾಗುತ್ತದೆ. ಅಧಿಕಾರ ಬದಲಾದಂತೆ ಕಡತಗಳು ಧೂಳು ಕೊಡವಿಕೊಂಡು ಏಳುವ ನಮ್ಮ ರಾಜ್ಯದಲ್ಲಿ ಇದು ಅರ್ಥವಾಗದ ಸಂಗತಿಯೇನಲ್ಲ.

ಈ 48 ವರ್ಷದ ಎದುರು ಬೆಂಗಳೂರಿನ ನಾಲ್ಕು ವರ್ಷವನ್ನು ಇಟ್ಟು ನೋಡಿ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ತಮಿಳುನಾಡಿನಲ್ಲಿ ನ್ಯಾಯಯುತವಾಗಿ ನಡೆಯದು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಅದನ್ನು ಕರ್ನಾಟಕಕ್ಕೆ ಕಳಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದ ವಿಶೇಷ ನ್ಯಾಯಾಲಯದಲ್ಲಿ ನ್ಯಾಯಾಧೀಶ ಜಾನ್ ಮೈಕೇಲ್ ಡಿ'ಕುನ್ಹಾ ವಿಧಿಸಿದ್ದು ನಾಲ್ಕು ವರ್ಷ ಜೈಲು, 100 ಕೋಟಿ ದಂಡ. ಹೈಕೋರ್ಟ್ 2015ರಲ್ಲಿ ಎಲ್ಲರನ್ನೂ ಖುಲಾಸೆ ಮಾಡಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ರದ್ದುಪಡಿಸಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರು. ಶಾಸಕಾಂಗ ಪಕ್ಷದ ನಾಯಕಿಯಾಗಿ ಆಯ್ಕೆಯಾಗಿ, ಮುಖ್ಯಮಂತ್ರಿಯ ಪ್ರಮಾಣವಚನಕ್ಕೆ ಸಜ್ಜಾಗಿದ್ದ ಅವರ ಆಪ್ತೆ, ಸಹ ಆರೋಪಿ ಶಶಿಕಲಾ ಮರುದಿನ ಬೆಂಗಳೂರಿಗೆ ಬಂದು ಶರಣಾದರು. ಬರೆದದ್ದು ನಾಲ್ಕು ವರ್ಷ, ಕಳೆದದ್ದೂ ನಾಲ್ಕು ವರ್ಷ. 10 ಕೋಟಿ ದಂಡವನ್ನೂ ಕಟ್ಟಿದರು. 2021ರ ಜನವರಿಯಲ್ಲಿ ಬಿಡುಗಡೆಯಾದವರು ಮಾರ್ಚ್ ಹೊತ್ತಿಗೆ ರಾಜಕೀಯದಿಂದ ದೂರ ಸರಿಯುವುದಾಗಿ ಘೋಷಿಸಬೇಕಾಯಿತು. ಜಪ್ತಿಯಾಗಿದ್ದ 27 ಕಿಲೋಗೂ ಹೆಚ್ಚು ಚಿನ್ನಾಭರಣವನ್ನು 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ನ್ಯಾಯಾಲಯ ತಮಿಳುನಾಡು ಸರ್ಕಾರಕ್ಕೆ ಹಸ್ತಾಂತರಿಸಿತು. ಒಂದು ರಾಜಕೀಯ ಬದುಕನ್ನು ಮುಗಿಸಲು ನಾಲ್ಕು ವರ್ಷ ಸಾಕಾಯಿತು, ಯಾಕೆಂದರೆ ಅದನ್ನು ನಿಜಕ್ಕೂ ಅನುಭವಿಸಬೇಕಾಯಿತು. ಈ ಕತೆಯಲ್ಲೂ ಎರಡು ಕಳಂಕಗಳಿವೆ. ಪ್ರಕರಣ ಕೊನೆ ಮುಟ್ಟಲು ಇಪ್ಪತ್ತು ವರ್ಷ ಹಿಡಿಯಿತು. ಜೈಲಿನಲ್ಲಿ ಶಶಿಕಲಾ ಅವರಿಗೆ ಪ್ರತ್ಯೇಕ ಅಡುಗೆಮನೆಯಂಥ ಸೌಲಭ್ಯ ಕೊಡಲಾಗಿದೆ ಎಂದು 2017ರ ಜುಲೈನಲ್ಲಿ ವರದಿ ಕೊಟ್ಟ ಡಿಐಜಿ ಡಿ. ರೂಪಾ ಅವರಿಗೆ ಸಿಕ್ಕಿದ್ದು ವರ್ಗಾವಣೆ. ವರದಿಯಲ್ಲಿ ಹುರುಳಿದೆ ಎಂದು ಆಮೇಲೆ ವಿನಯ್ ಕುಮಾರ್ ಸಮಿತಿ ಹೇಳಿತು. ಬ್ಯಾಂಕಾಕಿನ ಪೊಲೀಸ್ ಆಸ್ಪತ್ರೆಗೂ ನಮ್ಮ ಅಗ್ರಹಾರಕ್ಕೂ ಬಹಳ ಅಂತರವೇನಿಲ್ಲ.

ಇದಕ್ಕೆ ಬರುವ ಗಟ್ಟಿ ಆಕ್ಷೇಪವೊಂದಿದೆ, ಅದನ್ನು ಹಾರಿಸಿ ಹೋಗುವಂತಿಲ್ಲ. ಬೈಕ್ ಕದ್ದ ಹುಡುಗನಿಗೂ ಮೂರು ವರ್ಷ, ನೂರಾರು ಕೋಟಿ ಕದ್ದವನಿಗೂ ನಾಲ್ಕೇ ವರ್ಷವೆಂದರೆ ನ್ಯಾಯವೆಲ್ಲಿ? ಅಪರಾಧದ ತೂಕಕ್ಕೆ ತಕ್ಕ ಶಿಕ್ಷೆ ಬೇಡವೇ? ಬೇಕು. ಆದರೆ ಇವರಿಬ್ಬರ ನಡುವಿನ ಅನ್ಯಾಯ ಹುಟ್ಟುವುದು ಕಾಯ್ದೆ ಬರೆದ ವರ್ಷಗಳಲ್ಲಲ್ಲ. ಬೈಕ್ ಕದ್ದ ಹುಡುಗ ವಕೀಲರಿಲ್ಲದೆ, ಜಾಮೀನಿಗೆ ಜನವಿಲ್ಲದೆ, ತೀರ್ಪಿಗೆ ಮುಂಚೆಯೇ ವಿಚಾರಣಾಧೀನ ಕೈದಿಯಾಗಿ ಶಿಕ್ಷೆ ಉಣ್ಣುತ್ತಾನೆ. ಶಾಸಕರು ತೀರ್ಪು ಬಂದ ಮೇಲೂ ಉಣ್ಣುವುದಿಲ್ಲ. ಕಾಯ್ದೆಯಲ್ಲಿ ಇಪ್ಪತ್ತು ವರ್ಷ ಬರೆದರೆ ಆ ಹುಡುಗನ ಪಾಲಿಗೆ ಏನೂ ಬದಲಾಗದು. ಶಾಸಕರ ವಕೀಲರಿಗೆ ಮಾತ್ರ ಹೊಸ ವಾದ ಸಿಗುತ್ತದೆ: ಇಷ್ಟು ಘೋರ ಶಿಕ್ಷೆ ಇರುವುದರಿಂದ ಸಾಕ್ಷ್ಯವನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಅಳೆಯಬೇಕು, ಒಂದು ಎಳೆ ಅನುಮಾನವಿದ್ದರೂ ಬಿಡಬೇಕು, ಮೇಲ್ಮನವಿ ಮುಗಿಯುವವರೆಗೆ ಒಳಗಿಡುವುದು ಅನ್ಯಾಯ. ಅಪರಾಧದ ತೂಕವನ್ನು ಹಣದಲ್ಲಿ ಅಳೆಯುವುದೇ ಮೇಲು. ಕದ್ದದ್ದು ಹೋಗಬೇಕು, ಅದರ ಮೇಲೆ ಕಟ್ಟಿದ್ದೂ ಹೋಗಬೇಕು.

ಇನ್ನೊಂದು ಆಕ್ಷೇಪ ಮತದಾರರ ಕಡೆ ಬೆರಳು ತೋರಿಸುತ್ತದೆ. ಸಂಪಂಗಿ ಶಿಕ್ಷೆಗೊಳಗಾದ ಮರುವರ್ಷವೇ ಕೆಜಿಎಫ್ ಅವರ ತಾಯಿಯನ್ನು ಗೆಲ್ಲಿಸಿತು. ಸೈಲ್ 2013ರಲ್ಲಿ, ಪ್ರಕರಣ ಬೆನ್ನಿಗಿದ್ದಾಗಲೇ, ಪಕ್ಷೇತರರಾಗಿ ಗೆದ್ದರು, 2023ರಲ್ಲಿ ಮತ್ತೆ ಗೆದ್ದರು. ರೆಡ್ಡಿ ತಮ್ಮದೇ ಪಕ್ಷ ಕಟ್ಟಿ ಗಂಗಾವತಿಯಲ್ಲಿ ಗೆದ್ದರು. ಜನರಿಗೇ ನಾಚಿಕೆಯಿಲ್ಲದಾಗ ಕಾಯ್ದೆ ಏನು ಮಾಡೀತು ಎನ್ನುತ್ತಾರೆ. ಮತದಾರರನ್ನು ನಾನು ಅಷ್ಟು ಸುಲಭವಾಗಿ ದೂರಲಾರೆ. ಓಬಳಾಪುರಂ ಪ್ರಕರಣ ದಾಖಲಾದದ್ದು 2009ರಲ್ಲಿ, ತೀರ್ಪು ಬಂದದ್ದು 2025ರಲ್ಲಿ. ನಡುವೆ ಮೂರು ವಿಧಾನಸಭಾ ಚುನಾವಣೆಗಳು ಕಳೆದವು. ಇದೇ ಪ್ರಕರಣದಲ್ಲಿ ಜಾಮೀನು ಕೊಡಲು ಲಂಚ ಪಡೆದ ಆರೋಪದ ಮೇಲೆ ಸಿಬಿಐ ನ್ಯಾಯಾಧೀಶರೇ 2012ರಲ್ಲಿ ಬಂಧನಕ್ಕೊಳಗಾದರು. ನ್ಯಾಯಾಲಯವೇ ಹದಿನಾರು ವರ್ಷ ಹೌದೆನ್ನದೆ ಇಲ್ಲವೆನ್ನದೆ ಕೂತಾಗ, ಮತದಾರ ಆರೋಪವನ್ನು ಪಕ್ಷಗಳ ಜಗಳವೆಂದೇ ಓದುತ್ತಾನೆ. ಆಮೇಲೆ ಜಾತಿ, ದುಡ್ಡು, ನಂಟು ತಮ್ಮ ಕೆಲಸ ಮಾಡುತ್ತವೆ.

ವೇಗ ಎಂದಾಕ್ಷಣ ಆರೋಪಿಯ ಹಕ್ಕಿನ ಪ್ರಶ್ನೆ ಎತ್ತುವವರಿದ್ದಾರೆ. ಎತ್ತಲಿ.  ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದ ಪ್ರಕರಣದಲ್ಲಿ ಸಿಬಿಐ ನ್ಯಾಯಾಲಯ ಯಡಿಯೂರಪ್ಪ ಅವರನ್ನು ಖುಲಾಸೆ ಮಾಡಿದ್ದು 2016ರ ಅಕ್ಟೋಬರ್‌ನಲ್ಲಿ. ಆ ತೀರ್ಪನ್ನು ಒಪ್ಪುವುದಾದರೆ, ನಿರಪರಾಧಿಯೊಬ್ಬರು ವರ್ಷಗಟ್ಟಲೆ ಕಳಂಕ ಹೊತ್ತರು ಎಂದೇ ಅರ್ಥ. ತಡವಾದ ವಿಚಾರಣೆ ತಪ್ಪಿತಸ್ಥನಿಗೆ ವರ, ನಿರಪರಾಧಿಗೆ ಶಾಪ. ಆರೋಪಿಯ ಹಕ್ಕಿನ ಬಗ್ಗೆ ಕಾಳಜಿಯಿರುವವರು ವೇಗದ ಪರವೇ ನಿಲ್ಲಬೇಕು.

ಹಾಗಿದ್ದರೆ ಕೇಳಬೇಕಾದದ್ದು ಏನು? ದೊಡ್ಡ ಹೊಸ ಕಾಯ್ದೆಯೇನೂ ಬೇಡ. 2018ರ ತಿದ್ದುಪಡಿ ಭ್ರಷ್ಟಾಚಾರ ಪ್ರಕರಣಗಳ ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಪ್ರಯತ್ನಿಸಬೇಕು, ಎಳೆದರೂ ನಾಲ್ಕು ದಾಟಬಾರದು ಎನ್ನುತ್ತದೆ. ಆ 'ಪ್ರಯತ್ನ'ಕ್ಕೆ ನ್ಯಾಯಾಧೀಶರನ್ನೂ ಸರ್ಕಾರಿ ವಕೀಲರನ್ನೂ ಕೊಡುವುದು ರಾಜ್ಯ ಸರ್ಕಾರದ ಕೈಯಲ್ಲಿದೆ. ಅದೇ ತಿದ್ದುಪಡಿ ತಂದ 17ಎ ಕಲಮು ತನಿಖೆಗೇ ಪೂರ್ವಾನುಮತಿ ಬೇಕೆನ್ನುತ್ತದೆ, ತೀರ್ಮಾನಕ್ಕೆ ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು ತಿಂಗಳು. 2024ರ ಆಗಸ್ಟ್‌ನಲ್ಲಿ ಮೈಸೂರಿನ ಮುಡಾ ನಿವೇಶನ ಹಂಚಿಕೆಯ ವಿಷಯದಲ್ಲಿ ಸಿದ್ದರಾಮಯ್ಯ ವಿರುದ್ಧ ರಾಜ್ಯಪಾಲರು ಅನುಮತಿ ಕೊಟ್ಟ ಹೊತ್ತಿಗೆ, ಕುಮಾರಸ್ವಾಮಿ ಅವರ ವಿರುದ್ಧ ಲೋಕಾಯುಕ್ತದ ವಿಶೇಷ ತಂಡ 2023ರ ನವೆಂಬರ್‌ನಲ್ಲೇ ಕೇಳಿದ್ದ ಮೊಕದ್ದಮೆ ಹೂಡುವ ಅನುಮತಿ ರಾಜಭವನದಲ್ಲೇ ಉಳಿದಿತ್ತು. ಗಡುವಿನೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂಬ ಒಂದು ಸಾಲು ಈ ಆಟವನ್ನು ನಿಲ್ಲಿಸಬಲ್ಲದು. ಜನಪ್ರತಿನಿಧಿಗಳ ಶಿಕ್ಷೆ ಅಮಾನತಾದರೆ ದಂಡದ ಹಣವನ್ನು ಮೊದಲು ಪೂರ್ತಿ ಠೇವಣಿ ಇಡಬೇಕು, ಮೇಲ್ಮನವಿ ಒಂದು ವರ್ಷದಲ್ಲಿ ಮುಗಿಯಬೇಕು. ಶಿಕ್ಷೆಯಾದೊಡನೆ ಸದಸ್ಯತ್ವ ಹೋಗುತ್ತದೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ಹೇಳಿದ ಮಾತು ಅಮಾನತಿನ ಆದೇಶಗಳ ನಡುವೆ ಸವೆದುಹೋಗುತ್ತಿದೆ.

ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಮತ ಕೇಳಲು ತಿಕೋಟಾ, ಬಬಲೇಶ್ವರಗಳಿಗೆ ಬರುವ ಯಾವ ಪಕ್ಷದವರೇ ಆಗಲಿ, ಭ್ರಷ್ಟರಿಗೆ ಜೀವಾವಧಿ ಕೊಡಿಸುತ್ತೇವೆ ಎಂದು ಮೈಕಿನಲ್ಲಿ ಕೂಗಿದರೆ, ಬೇಲೆಕೇರಿ ಮತ್ತು ಓಬಳಾಪುರಂ ಮೇಲ್ಮನವಿಗಳು ಯಾವ ಹಂತದಲ್ಲಿವೆ, ದಂಡದ ಹಣದಲ್ಲಿ ಖಜಾನೆಗೆ ಬಂದದ್ದೆಷ್ಟು, ಲೋಕಾಯುಕ್ತದಲ್ಲಿ ಖಾಲಿ ಬಿದ್ದಿರುವ ಹುದ್ದೆಗಳೆಷ್ಟು ಎಂದು ಅವರನ್ನು ಅಲ್ಲಿಯೇ ಕೇಳಬಹುದು.